ಹಳೇ ಗೋವಾದ ಸಾಲಿನಲ್ಲಿ

ಹತ್ತು ವರ್ಷಕ್ಕೊಮ್ಮೆ ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವನ್ನು ಬೊಮ್ ಜೆಸುಸ್ ಬಸಿಲಿಕಾದ ಎತ್ತರದ ಮಂಟಪದಿಂದ ಕೆಳಗಿಳಿಸಿ, ರಸ್ತೆಯಾಚೆ ಇರುವ ಸೆ ಕೆಥೆಡ್ರಲ್‌ಗೆ ಮೆರವಣಿಗೆಯಲ್ಲಿ ತಂದಿಡುತ್ತಾರೆ. ಈ ಸಲದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಪುಸ್ತಕದಲ್ಲಿ ಅವರ ಹೆಸರು ಹೇಗೇ ಇರಲಿ, ನಮ್ಮ ಹಳೇ ಮೈಸೂರು ಸೀಮೆಯ ಕಥೋಲಿಕರ ಬಾಯಲ್ಲಿ ಅವರು ಸವೇರಿಯಪ್ಪನವರು. ಚೌರಪ್ಪ ಎಂಬ ಹೆಸರಿನವರು ಒಬ್ಬರಾದರೂ ಇಲ್ಲದ ಕ್ರೈಸ್ತರ ಊರು ನಮ್ಮ ಕಡೆ ಸಿಗುವುದು ಕಷ್ಟ.

ನಾನು ಹುಟ್ಟಿದ ಊರಿನವರು ಈ ಸಲ ಬಸ್ಸು ಮಾಡಿಕೊಂಡು ಯಾತ್ರೆ ಹೊರಟಾಗ ನನ್ನನ್ನೂ ಕರೆದರು. ನಾನು ಊರು ಬಿಟ್ಟು ಬಹಳ ಕಾಲವಾಯಿತು. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ, ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. ಶಿರಾಡಿ ಘಾಟಿ ಇಳಿದು, ಮಂಗಳೂರಿನ ರೊಸಾರಿಯೊ ಪ್ರಧಾನಾಲಯ, ಮೊಸ್ಕೇನಿ ಎಂಬ ಇಟಲಿಯ ಬ್ರದರ್ ಗೋಡೆ ಚಾವಣಿಗಳ ತುಂಬ ಚಿತ್ರ ಬರೆದ ಅಲೋಶಿಯಸ್ ಪ್ರಾರ್ಥನಾಲಯ, ಕಾರ್ಕಳದ ಅತ್ತೂರು, ಕಲ್ಯಾಣಪುರದ ಮಿಲಾಗ್ರಿಸ್ ನೋಡಿಕೊಂಡು, ಕಾರವಾರ ದಾಟಿ ಗೋವಾಕ್ಕೆ. ಎಲ್ಲ ಕಡೆಯೂ ಮೊಂಬತ್ತಿ ಹಚ್ಚಿದ್ದೆವು, ಜಪಸರ ಹೇಳಿದ್ದೆವು, ಬಿಸಿಲಿಗೆ ಸುಸ್ತಾಗಿದ್ದೆವು. ಕೊನೆಯ ತಾಣ ಸೆ ಕೆಥೆಡ್ರಲ್.

ಅಂಗಳದ ಚಪ್ಪರದೊಳಗೆ ಜನ ನೂಕುತ್ತಿದ್ದಾಗ ನಮ್ಮ ಗುರುಗಳು ಹಿಂದಕ್ಕೆ ತಿರುಗಿ ಕೂಗಿದರು: ‘‘ಎಲ್ಲರೂ ಕೈ ಕೈ ಹಿಡ್ಕೊಳ್ಳಿ. ಸಾಲು ಬಿಟ್ಟು ಯಾರೂ ಹೋಗ್ಬೇಡಿ.’’ ನನ್ನ ಪಕ್ಕದಲ್ಲಿದ್ದ ಹುಡುಗ, ಊರಿನ ದೊಡ್ಡಮನೆಯ ಮೊಮ್ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು, ಒಂದು ಕ್ಷಣವೂ ಯೋಚಿಸದೆ ನನ್ನ ಕೈ ಹಿಡಿದುಕೊಂಡ. ‘‘ಬನ್ನಿ ಟೀಚರ್’’ ಅಂದ.

ಇದೇ ಅಂಗಳದಲ್ಲಿ, 1974ರ ಡಿಸೆಂಬರ್‌ನಲ್ಲಿ, ಇದೇ ಮಾತನ್ನು ನಮ್ಮ ಊರಿನ ಉಪದೇಶಿಗಳು ಹೇಳಿದ್ದರು. ಆವತ್ತು ಆ ಮಾತು ಕೇಳಿ ನಮ್ಮ ಸಾಲಿನಲ್ಲಿ ಯಾರೂ ತಕ್ಷಣ ಕೈ ಚಾಚಿರಲಿಲ್ಲ.

ನಮ್ಮ ಊರಿನ ದೇವಾಲಯದ ಒಳಗೆ ಎರಡು ಸಾಲು ಕಂಬಗಳಿದ್ದವು. ಆಗ ಬೆಂಚು ಇರಲಿಲ್ಲ, ಚಾಪೆ ಹಾಸಿ ಕೂರುತ್ತಿದ್ದೆವು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಅದಲ್ಲದೆ ಇನ್ನೊಂದು ಗೆರೆ ಇತ್ತು, ಯಾರೂ ಬರೆಯದಿದ್ದರೂ ಎಲ್ಲರಿಗೂ ಕಾಣುತ್ತಿದ್ದ ಗೆರೆ: ಎರಡನೇ ಕಂಬದಿಂದ ಮುಂದೆ ದೊಡ್ಡಮನೆಯವರು, ಅವರ ನೆಂಟರು, ಜಮೀನಿದ್ದ ಮನೆಗಳವರು, ಕಂಬದಿಂದ ಹಿಂದೆ ಕೇರಿಯವರು, ಅಂದರೆ ನಾವು. ಪರಮಪ್ರಸಾದಕ್ಕೆ ಮುಂದಿನವರೆಲ್ಲ ಹೋಗಿ ಬಂದು ಕೂತ ಮೇಲೆ ನಾವು ಏಳಬೇಕು. ಸತ್ತ ಮೇಲೂ ಹಾಗೆಯೇ. ಸಮಾಧಿ ಭೂಮಿಯ ನಡುವೆ ಮೊಣಕಾಲೆತ್ತರದ ಕಲ್ಲುಗೋಡೆ ಇತ್ತು. ಅದರ ಈಚೆಗೆ ನಮ್ಮವರ ಶಿಲುಬೆಗಳು, ಹೆಚ್ಚಿನವು ಮರದವು, ಎರಡು ಮಳೆಗಾಲಕ್ಕೆ ಮುಗಿದುಹೋಗುವಂಥವು.

ಇದು ನಮ್ಮೊಂದು ಊರಿನ ಕೆಟ್ಟತನವಾಗಿರಲಿಲ್ಲ. ಓದಿದಾಗ ತಿಳಿಯಿತು, ಮೈಸೂರು ಸೀಮೆಗೆ ಕಥೋಲಿಕ ಧರ್ಮ ಬಂದ ದಾರಿಯಲ್ಲೇ ಈ ಗೆರೆ ಇತ್ತು. 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಿಷನ್ ಶುರು ಮಾಡಿದ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿತರು ಕನ್ನಡ ಕಲಿತು ವ್ಯಾಕರಣ ಬರೆದವರು. ಅವರ ಮಿಷನ್ ಗೋವಾದ ಜೆಸ್ವಿತರ ಪ್ರಾಂತಕ್ಕೇ ಸೇರಿದ್ದು. ಆದರೆ ನಡೆದದ್ದು ಮಧುರೆಯಲ್ಲಿ ರಾಬರ್ಟೊ ದೆ ನೊಬಿಲಿ ಹಾಕಿಕೊಟ್ಟ ಹಾದಿಯಲ್ಲಿ: ಸಂನ್ಯಾಸಿಯ ಉಡುಗೆ, ಸಸ್ಯಾಹಾರ, ಮೇಲ್ಜಾತಿಯವರಿಗೆ ಮುಜುಗರವಾಗದ ಹಾಗೆ ಕೆಳಜಾತಿಯವರಿಂದ ದೂರ. ಜನರ ಭಾಷೆಯನ್ನೂ ರೂಢಿಯನ್ನೂ ಗೌರವಿಸಿದವರು ಅವರು, ಅದರಲ್ಲಿ ಸಂಶಯವಿಲ್ಲ. ಗೌರವಿಸಬಾರದ ರೂಢಿಯೊಂದನ್ನೂ ಅದರೊಟ್ಟಿಗೆ ಒಳಗೆ ಕರೆದುಕೊಂಡರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಎರಡು ಜಾತಿಗಳಿಗೆ ಎರಡು ಕವಲು ಇರುವ ದೇವಾಲಯವನ್ನೇ ಕಟ್ಟಿ ನಡುವೆ ಗೋಡೆ ಎಬ್ಬಿಸಿದ್ದರು. ನಮ್ಮೂರಲ್ಲಿ ಅಷ್ಟು ಖರ್ಚಿಲ್ಲದೆ ಒಂದು ಕಂಬದಲ್ಲೇ ಕೆಲಸ ನಡೆದಿತ್ತು.

ನಮ್ಮ ಉಪದೇಶಿಗಳು ಕೇರಿಯವರಲ್ಲ, ದೊಡ್ಡಮನೆಯವರೂ ಅಲ್ಲ. ಸಂಜೆ ಐದಕ್ಕೆ ಕೈಗಂಟೆ ಹಿಡಿದು ಎರಡೂ ಕಡೆಯ ಬೀದಿಗಳಲ್ಲಿ ನಡೆಯುವರು. ಮಕ್ಕಳು ಹಿಂದೆ ಹಿಂದೆ ಓಡಬೇಕು. ಸವೇರಿಯಪ್ಪನವರು ಗೋವಾದ ಬೀದಿಗಳಲ್ಲಿ ಹೀಗೇ ಗಂಟೆ ಬಾರಿಸಿ ಮಕ್ಕಳನ್ನು ಜ್ಞಾನೋಪದೇಶಕ್ಕೆ ಕರೆಯುತ್ತಿದ್ದರು ಎಂದು ಅವರೇ ಹೇಳಿದ್ದು. ಅದು ನಿಜ, ಸಂತರ ಚರಿತ್ರೆ ಬರೆದವರೆಲ್ಲ ಹೇಳುವ ಸಂಗತಿ. ನಮ್ಮ ಉಪದೇಶಿಗಳು ಆ ಗಂಟೆಯನ್ನು ಬಾರಿಸುವಾಗ ಮುಖದಲ್ಲಿ ಒಂದು ಗಾಂಭೀರ್ಯ ಬರುತ್ತಿತ್ತು. ತಪ್ಪು ಹೇಳಿದ ಮಕ್ಕಳ ಕಿವಿ ಹಿಂಡುವಾಗ ಕೇರಿಯ ಕಿವಿ, ದೊಡ್ಡಮನೆಯ ಕಿವಿ ಎಂಬ ಭೇದ ಅವರಿಗಿರಲಿಲ್ಲ. ನನಗೆ ಅಕ್ಷರ ಕೂಡಿಸಿ ಓದುವುದನ್ನು ಕಲಿಸಿದವರು ಅವರು. ಆಮೇಲೆ ನನ್ನ ಹಾಸ್ಟೆಲ್ ಅರ್ಜಿ ಬರೆದುಕೊಟ್ಟು, ಅಪ್ಪನನ್ನು ಒಪ್ಪಿಸಿದವರೂ ಅವರೇ.

ಗೋವಾಕ್ಕೆ ಹೋಗುವ ಮಾತು ಅವರೇ ತೆಗೆದದ್ದು. ಭಾನುವಾರ ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಬೈಂಡ್ ಪುಸ್ತಕದಲ್ಲಿ ನಾಲ್ಕಾಣೆ, ಎಂಟಾಣೆ ಬರೆದುಕೊಳ್ಳುತ್ತಿದ್ದರು. ಅಜ್ಜಿ ಸೆರಗಿನ ತುದಿಯ ಗಂಟು ಬಿಚ್ಚಿ ಕಾಸು ಕೊಡುವಾಗ ‘‘ನನ್ನ ಹೆಸ್ರು ಬರ್ಕಂಡ್ರಾ?’’ ಎಂದು ಪ್ರತಿ ಸಲ ಕೇಳುವಳು. ಅವಳು ದೊಡ್ಡಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕೂಲಿಗೆ ರಾಗಿ, ಮಧ್ಯಾಹ್ನಕ್ಕೆ ಎತ್ತರದಿಂದ ಚೊಂಬಿಗೆ ಹುಯ್ದ ಮಜ್ಜಿಗೆ. ಚಿಕ್ಕಪ್ಪನಿಗೆ ಎಳವೆಯಲ್ಲಿ ಪೋಲಿಯೊ ಆಗಿ ಒಂದು ಕಾಲು ಸಣ್ಣಗಾಗಿತ್ತು. ಗೋವಾದಲ್ಲಿ ಮೇಣದ ಕಾಲು ಸಿಗುತ್ತದೆ, ಸವೇರಿಯಪ್ಪನ ಮುಂದೆ ಇಟ್ಟು ಬೇಡಿಕೊಂಡರೆ ಆಗುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು.

ಆ ವರ್ಷದ ಮೇ ತಿಂಗಳಲ್ಲಿ ದೇಶದ ತುಂಬ ರೈಲ್ವೆ ಮುಷ್ಕರ ನಡೆದಿತ್ತು. ಡಿಸೆಂಬರ್ ಬರುವ ತನಕ ಊರಿನವರಿಗೆ ಅನುಮಾನ, ರೈಲು ಓಡುತ್ತದೋ ಇಲ್ಲವೋ ಎಂದು. ಓಡಿತು. ಅರಸೀಕೆರೆಯಲ್ಲಿ ಹತ್ತಿ, ಹುಬ್ಬಳ್ಳಿ, ಲೋಂಡಾ ದಾಟಿ, ಮೀಟರ್ ಗೇಜಿನ ಆ ಗಾಡಿಯಲ್ಲಿ ರಾತ್ರಿಯಿಡೀ ಕೂತು ಕ್ಯಾಸಲ್‌ರಾಕ್ ತಲುಪಿದಾಗ ಬೆಳಕು ಹರಿದಿತ್ತು. 1961ರ ತನಕ ಇಲ್ಲಿ ಪೋರ್ಚುಗೀಸರ ಗಡಿ ಇತ್ತು, ಗಂಟುಮೂಟೆ ಬಿಚ್ಚಿ ನೋಡುತ್ತಿದ್ದರು ಎಂದು ಉಪದೇಶಿಗಳು ಹೇಳಿದ್ದೇ ತಡ, ಅಜ್ಜಿ ತನ್ನ ಗಂಟನ್ನು ಎದೆಗವಚಿಕೊಂಡಳು. ಅದರಲ್ಲಿದ್ದದ್ದು ಹುರಿಟ್ಟು, ಬೆಲ್ಲ, ಹುಚ್ಚೆಳ್ಳು ಚಟ್ನಿಪುಡಿ. ದೂಧ್‌ಸಾಗರ್ ಜಲಪಾತ ಕಿಟಕಿಯ ಪಕ್ಕದಲ್ಲೇ ಸುರಿದಾಗ ಡಬ್ಬಿಯವರೆಲ್ಲ ಒಂದೇ ಕಡೆಗೆ ಬಂದರು. ಕೇರಿಯವರು ಒಂದು ತುದಿಗೆ, ಉಳಿದವರು ಇನ್ನೊಂದು ತುದಿಗೆ ಕೂತಿದ್ದ ಏರ್ಪಾಡು ಮೊದಲು ಕದಲಿದ್ದು ಅಲ್ಲಿ.

ಮಡಗಾಂವ್‌ನಲ್ಲಿ ಇಳಿದು ಬಸ್ಸು. ಆಗ ಜುವಾರಿ ನದಿಗೆ ಸೇತುವೆ ಇರಲಿಲ್ಲ. ಕೊರ್ತಾಲಿಂನಲ್ಲಿ ಫೆರಿ ಹತ್ತಬೇಕಿತ್ತು. ಊರ ಕೆರೆಗಿಂತ ದೊಡ್ಡ ನೀರು ನೋಡದಿದ್ದ ಹೆಂಗಸರು ಫೆರಿ ಅಲುಗಿದ ಕೂಡಲೇ ‘ನಮೋ ಮರಿಯೆ’ ಶುರು ಮಾಡಿದರು. ದೊಡ್ಡಮನೆಯ ಹೊಸ ಸೊಸೆ ಅಳುತ್ತಿದ್ದಳು. ಕೆಲವೇ ತಿಂಗಳ ಹಿಂದೆ ಮದುವೆಯಾಗಿ ಬಂದವಳು, ಗಂಡ ಬಂದಿರಲಿಲ್ಲ, ಅತ್ತೆಯ ಜತೆ ಹರಕೆಗೆ ಬಂದಿದ್ದಳು. ಈ ಸಲ ಅದೇ ನೀರಿನ ಮೇಲೆ 2022ರಲ್ಲಿ ತೆರೆದ ಹೊಸ ಸೇತುವೆಯಲ್ಲಿ ಬಸ್ಸು ಜರ್ರನೆ ಹೋಯಿತು. ಮೇಲಿನ ಕೇಬಲ್ಲುಗಳನ್ನು ಹುಡುಗರು ಫೋನಿನಲ್ಲಿ ತೆಗೆಯುವಷ್ಟರಲ್ಲಿ ನದಿ ಹಿಂದಕ್ಕುಳಿಯಿತು.

ಸೆ ಕೆಥೆಡ್ರಲ್ಲನ್ನು ನಾನು ಮೊದಲು ನೋಡಿದ್ದು ಅಜ್ಜಿಯ ಕಣ್ಣಿನಿಂದ. ಬಿಳೀ ಸುಣ್ಣದ ಎತ್ತರದ ಮುಂಭಾಗ, ಬಲಗಡೆ ಬರಿದು, ಎಡಗಡೆ ಒಂದೇ ಗೋಪುರ. 1776ರಲ್ಲಿ ಇನ್ನೊಂದು ಗೋಪುರ ಬಿದ್ದುಹೋದದ್ದು, ಮತ್ತೆ ಕಟ್ಟದೇ ಬಿಟ್ಟದ್ದು ನಮಗೆ ಆಗ ಗೊತ್ತಿರಲಿಲ್ಲ. ಅಜ್ಜಿ ನೋಡಿ, ‘‘ಒಂಟಿ ಕೊಂಬಿನ ಎತ್ತು ಇದ್ದಂಗದೆ’’ ಅಂದಳು. ಹಿಂದಿನಿಂದ ದೊಡ್ಡಮನೆಯ ಅತ್ತೆ ನಕ್ಕರು. ಅವರು ಅಜ್ಜಿಯ ಮಾತಿಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಾಲು ಅಂಗಳವನ್ನೆಲ್ಲ ಸುತ್ತಿ ರಸ್ತೆಗೆ ಬಂದಿತ್ತು. ನಾವು ಅಭ್ಯಾಸದಂತೆ ನಿಂತಿದ್ದೆವು, ಅವರು ಮುಂದೆ, ನಾವು ಹಿಂದೆ, ನಡುವೆ ಎರಡು ಮಾರು ಜಾಗ. ಆ ಖಾಲಿ ಜಾಗದೊಳಗೆ ಬೇರೆ ಊರಿನವರು ನುಗ್ಗಿದರು. ಕೊಂಕಣಿಯವರು, ಮರಾಠಿಯವರು, ಯಾರೋ ದೊಡ್ಡ ಕುಟುಂಬ. ನಮ್ಮ ಗುಂಪು ಎರಡಾಯಿತು, ಒಬ್ಬ ಮುದುಕ ಕಾಣದಾದರು. ಅವರನ್ನು ಹುಡುಕಿ ತಂದ ಉಪದೇಶಿಗಳು ಬೆವರು ಸುರಿಸುತ್ತ ನಿಂತು, ಮೊದಲ ಸಲ ನಮ್ಮೆಲ್ಲರ ಮೇಲೆ ರೇಗಿದರು. ‘‘ಕೈ ಹಿಡ್ಕಳಿ ಅಂದ್ರೆ ಹಿಡ್ಕಳಿ. ಇಲ್ಲಿ ತಪ್ಪಿಸ್ಕಂಡ್ರೆ ನಾನು ಊರಿಗೆ ಏನು ಹೇಳ್ಲಿ?’’ ಯಾರೂ ಅಲುಗಲಿಲ್ಲ. ಆಗ ಅವರು ತಾವೇ ಬಂದು ಅಜ್ಜಿಯ ಕೈ ಹಿಡಿದು ಮುಂದಕ್ಕೆ ಕರೆತಂದು, ದೊಡ್ಡಮನೆಯ ಸೊಸೆಯ ಕೈಗೆ ಕೊಟ್ಟರು. ಆ ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಬೇರೆಲ್ಲೋ ನೋಡುತ್ತಿದ್ದರು.

ಅಲ್ಲಿಂದ ಬಾಗಿಲು ಮುಟ್ಟುವ ತನಕ, ಬಿಸಿಲು ನೆತ್ತಿಯಿಂದ ಇಳಿಯುವ ತನಕ, ಆ ಎರಡು ಕೈ ಬಿಡಲಿಲ್ಲ. ನಾನು ಅಜ್ಜಿಯ ಇನ್ನೊಂದು ಕೈಯಲ್ಲಿದ್ದೆ, ಚೆನ್ನಾಗಿ ನೆನಪಿದೆ. ಮಧ್ಯೆ ಉಪದೇಶಿಗಳು ತಮ್ಮ ಚೊಂಬಿನ ನೀರನ್ನು ಸಾಲಿಗೆ ಕೊಟ್ಟರು. ಎಲ್ಲರೂ ಎತ್ತಿ ಕುಡಿದರು, ಒಂದೇ ಚೊಂಬು. ನೀರು ಅಜ್ಜಿಯಿಂದ ಸೊಸೆಗೆ ಹೋಯಿತು. ಕುಡಿಯಬೇಕೋ ಬೇಡವೋ ಎಂದು ನೋಡುವಷ್ಟು ಸಮಯವೂ ಆ ನೂಕುನುಗ್ಗಲಲ್ಲಿ ಅವಳಿಗೆ ಇರಲಿಲ್ಲ, ಬಾಯಾರಿಕೆಯೂ ಅಷ್ಟಿತ್ತು.

ಒಳಗೆ ಏನಿತ್ತು ಎಂಬುದು ನನ್ನ ಮನಸ್ಸಿನಲ್ಲಿ ಚೂರುಚೂರಾಗಿ ಉಳಿದಿದೆ. ಬಿಳೀ ಕಮಾನು, ತಂಪು, ಕೊನೆಯಲ್ಲಿ ಚಿನ್ನದ ಬಣ್ಣದ ದೊಡ್ಡ ಗೋಡೆ. ಅದು ಸಂತ ಕ್ಯಾಥರೀನಳ ಪೀಠ. ಅವಳ ರಕ್ತಸಾಕ್ಷಿತನದ ಚಿತ್ರಗಳನ್ನು ಅಲ್ಲಿ ಕೆತ್ತಿದ್ದಾರೆ. ಆಗ ನನಗೆ ಬಂಗಾರ ಮಾತ್ರ ಕಂಡಿತು. ಗಾಜಿನ ಪೆಟ್ಟಿಗೆಯಲ್ಲಿ ಜರಿಯ ಬಟ್ಟೆಯೊಳಗೆ ಒಣಗಿ ಕರಿಗಟ್ಟಿದ ಮುಖ ಕಂಡು ಹೆದರಿ ಕಣ್ಣು ಮುಚ್ಚಿದೆ. ಅಜ್ಜಿ ಬಗ್ಗಿ ಹತ್ತಿರದಿಂದ ನೋಡಿದಳು. ‘‘ಎಷ್ಟು ಸಣ್ಣಾಳು’’ ಅಂದಳು. ಅಂಗಡಿಯಲ್ಲಿ ಕೊಂಡಿದ್ದ ಮೇಣದ ಕಾಲು ಬಿಸಿಲಿಗೆ ಮೆತ್ತಗಾಗಿ, ಹಿಡಿದ ಬೆರಳಿನ ಗುರುತು ಅದರ ಹಿಮ್ಮಡಿಯಲ್ಲಿ ಬಿದ್ದಿತ್ತು. ಅದನ್ನೇ ಇಟ್ಟಳು. ಚಿಕ್ಕಪ್ಪನ ಕಾಲು ಸರಿಯಾಗಲಿಲ್ಲ. ಅದಕ್ಕಾಗಿ ಅಜ್ಜಿ ಸವೇರಿಯಪ್ಪನವರನ್ನು ಎಂದೂ ದೂರಲಿಲ್ಲ.

ಊರಿಗೆ ಬಂದ ಮೇಲಿನ ಭಾನುವಾರ ಅಜ್ಜಿ ಎರಡನೇ ಕಂಬ ದಾಟಿ ಹೋಗಿ, ದೊಡ್ಡಮನೆಯ ಹೆಂಗಸರ ಚಾಪೆಯ ಹಿಂದೆಯೇ ತನ್ನ ಚಾಪೆ ಹಾಸಿದಳು. ಪೂಜೆ ಶುರುವಾಗಿರಲಿಲ್ಲ. ಒಳಗಿದ್ದ ಗದ್ದಲ ನಿಂತಿತು. ಉಪದೇಶಿಗಳು ಪೀಠದ ಮೆಟ್ಟಿಲಿನಿಂದ ಇಳಿದು ಬಂದು ಬಗ್ಗಿ, ಮೆಲ್ಲಗೆ, ‘‘ಹಿಂದಕ್ಕೆ ಹೋಗವ್ವ’’ ಅಂದರು. ಅದೇ ಕೈ, ಅದೇ ಚೊಂಬಿನ ಮನುಷ್ಯ. ಅಜ್ಜಿಯ ಉತ್ತರ ಹಿಂದಿನ ಸಾಲಿಗೂ ಕೇಳಿಸಿತು: ‘‘ಗೋವದಲ್ಲಿ ಮುಂದ್ಗಡೆ ನಿಂತಿದ್ನಲ್ಲಪ್ಪ. ಸವೇರಿಯಪ್ಪ ಏನೂ ಅನ್ನಲಿಲ್ಲ.’’ ಅವಳು ಏಳಲಿಲ್ಲ. ದೊಡ್ಡಮನೆಯ ಅತ್ತೆ ಚಾಪೆ ಸುತ್ತಿಕೊಂಡು ಇನ್ನೂ ಮುಂದಕ್ಕೆ ಹೋದರು. ಸೊಸೆಯೂ ಎದ್ದು ಹೋದಳು. ಪೂಜೆಗೆ ಬಂದ ಸ್ವಾಮಿಗಳು ಎಲ್ಲವನ್ನೂ ನೋಡಿದರು, ಏನೂ ಮಾತಾಡಲಿಲ್ಲ. ಸೋಮವಾರ ಕೊಟ್ಟಿಗೆಗೆ ಬೇರೆಯವರನ್ನು ಕರೆದರು. ಆ ಸುಗ್ಗಿಯಲ್ಲಿ ನಮ್ಮ ಮನೆಗೆ ಕಣದ ಕೆಲಸ ಸಿಗಲಿಲ್ಲ, ರಾಗಿಗೆ ಕಷ್ಟವಾಯಿತು. ಅಪ್ಪ ಅಜ್ಜಿಯನ್ನು ಬೈದ. ಅಜ್ಜಿ ಮರುವಾರವೂ ಅಲ್ಲೇ ಕೂತಳು. ಆಮೇಲೆ ಅವಳ ಪಕ್ಕ ಇನ್ನಿಬ್ಬರು.

ಗೆರೆ ಅಳಿಸಿದ್ದು ಅವಳೊಬ್ಬಳ ಧೈರ್ಯದಿಂದ ಎಂದು ಬರೆಯಲು ನನಗೆ ಆಸೆ. ನಡೆದದ್ದು ಅಷ್ಟು ನೇರವಾಗಿಲ್ಲ. ಬೆಂಚುಗಳು ಬಂದವು, ಬಂದವರು ಬಂದಲ್ಲಿ ಕೂರುವುದು ಶುರುವಾಯಿತು. ಕೇರಿಯ ಹುಡುಗಿಯರು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ಹಬ್ಬಕ್ಕೆ ಹೊಸ ಸೀರೆಯಲ್ಲಿ ಬಂದರು. ದೊಡ್ಡಮನೆಯ ಜಮೀನು ಪಾಲಾಯಿತು, ಮಕ್ಕಳು ಊರು ಬಿಟ್ಟರು. ಸಮಾಧಿಯ ಗೋಡೆ ಮಾತ್ರ ನಿಂತಿತ್ತು, ಮಳೆಗೆ ಅರ್ಧ ಕುಸಿಯಿತು, ಯಾರೂ ಕೆಡವಲಿಲ್ಲ, ಯಾರೂ ಕಟ್ಟಲಿಲ್ಲ. ಇತ್ತ ಸರ್ಕಾರದ ಲೆಕ್ಕದಲ್ಲಿ ನಮಗೆ ಜಾತಿಯೇ ಇರಲಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂಗಳಾಗಿರಬೇಕು. ಆಮೇಲೆ ಸಿಖ್ಖರನ್ನೂ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಇವತ್ತಿಗೂ ಸೇರಿಸಿಲ್ಲ. ಕಂಬದ ಹಿಂದೆ ಕೂರಿಸುವಷ್ಟು ಜಾತಿ ಇತ್ತು, ಸರ್ಟಿಫಿಕೇಟು ಕೊಡುವಷ್ಟು ಇರಲಿಲ್ಲ. ನನ್ನ ಬಳಗದ ಕೆಲವರು ಕಾಗದದಲ್ಲಿ ಒಂದು, ಭಾನುವಾರಕ್ಕೆ ಒಂದು ಆಗಿ ಬದುಕಿದರು. ಅವರ ಮೇಲೆ ನನಗೆ ಕೋಪವಿಲ್ಲ. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಬಿಷಪರು ದಲಿತ ಕ್ರೈಸ್ತರ ಬಗ್ಗೆ ಒಂದು ನೀತಿಯನ್ನು ಹೊರಡಿಸಿ, ಚರ್ಚಿನೊಳಗೇ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡರು. ಅದನ್ನು ಓದಿದ ದಿನ ನನಗೆ ನೆನಪಾದದ್ದು, ಅಜ್ಜಿ ಕೂತಾಗ ಪೀಠದ ಮೇಲೆ ಸುಮ್ಮನೆ ನಿಂತಿದ್ದ ಆ ಸ್ವಾಮಿಗಳು.

ಉಪದೇಶಿಗಳ ವಿಷಯದಲ್ಲಿ ನನ್ನ ಮನಸ್ಸು ಬಹಳ ಸಲ ಅತ್ತಿತ್ತ ಆಗಿದೆ. ಚಿಕ್ಕಂದಿನಲ್ಲಿ ಆ ಭಾನುವಾರದಿಂದ ಅವರ ಗಂಟೆಯ ಹಿಂದೆ ಓಡುವುದನ್ನು ಬಿಟ್ಟೆ. ಶಾಲೆಯಲ್ಲಿ ಕೆಲಸಕ್ಕೆ ಸೇರಿ, ಮೇಲಿನವರ ಮಾತಿಗೂ ಮಕ್ಕಳ ಹಿತಕ್ಕೂ ನಡುವೆ ನಿಲ್ಲುವುದು ಏನೆಂದು ತಿಳಿದ ಮೇಲೆ ಅವರ ಸ್ಥಿತಿ ಕಂಡಿತು. ಚರ್ಚು ಕೊಡುತ್ತಿದ್ದ ಸಂಬಳ ಎಣ್ಣೆ ಉಪ್ಪಿಗೆ ಸಾಲದು. ಭತ್ತ ದೊಡ್ಡಮನೆಯಿಂದ ಬರಬೇಕು. ಮಗಳ ಮದುವೆಯ ಸಾಲವೂ ಅಲ್ಲೇ. ಊರಿನಿಂದ ಅಷ್ಟು ದೂರ, ಯಾರ ಹಂಗೂ ಇಲ್ಲದ ಅಂಗಳದಲ್ಲಿ, ತಾನು ಸರಿ ಎಂದು ನಂಬಿದ್ದನ್ನು ಆ ಮನುಷ್ಯ ಮಾಡಿದರು; ಊರಿಗೆ ಬಂದ ಕೂಡಲೇ ಅದನ್ನು ಕೈಬಿಟ್ಟರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಅಜ್ಜಿಯ ಕಷ್ಟ ಅವರಿಗಿಂತ ಹೆಚ್ಚಿತ್ತು, ಅವಳು ಏಳಲಿಲ್ಲ ಎಂಬುದೂ ಅಷ್ಟೇ ನಿಜ. ಅವರ ಕೊನೆಗಾಲದಲ್ಲಿ ನೋಡಲು ಹೋಗಿದ್ದೆ. ಕೊರ್ತಾಲಿಂ ಫೆರಿಯಲ್ಲಿ ಹೆಂಗಸರು ಹೆದರಿದ್ದನ್ನು ನೆನೆದು ನಕ್ಕರು, ನಾನು ಟೀಚರ್ ಆದದ್ದಕ್ಕೆ ಹೆಮ್ಮೆ ಪಟ್ಟರು, ತಲೆಯ ಮೇಲೆ ಕೈಯಿಟ್ಟು ಶಿಲುಬೆ ಗುರುತು ಮಾಡಿದರು. ನಾನು ಅವರ ಕಾಲು ಮುಟ್ಟಿದೆ. ನನ್ನನ್ನು ಓದಿಸಿದವರು ಅವರೇ.

ಈ ಸಲ ಸೆ ಕೆಥೆಡ್ರಲ್‌ನ ಒಳಗೆ ದರ್ಶನ ಬೇಗ ಮುಗಿಯಿತು. ಸ್ವಯಂಸೇವಕರು ‘‘ಮುಂದೆ, ಮುಂದೆ’’ ಎಂದು ಕೈಯಾಡಿಸುತ್ತಿದ್ದರು; ಪೆಟ್ಟಿಗೆಯ ಮುಂದೆ ಒಂದು ಹೆಜ್ಜೆ ನಿಲ್ಲುವಷ್ಟೇ ಸಮಯ. ಈಗ ನಾನು ಕಣ್ಣು ಮುಚ್ಚಲಿಲ್ಲ. ಅಜ್ಜಿ ಹೇಳಿದ್ದು ಸರಿ, ಬಹಳ ಸಣ್ಣ ಆಳು. 1506ರಲ್ಲಿ ನವಾರದಲ್ಲಿ ಹುಟ್ಟಿ, 1542ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದು, ಕುಷ್ಠರೋಗಿಗಳ ಸೇವೆ ಮಾಡಿ, ಮುತ್ತಿನ ತೀರದ ಮೀನುಗಾರರ ನಡುವೆ ಬರಿಗಾಲಲ್ಲಿ ನಡೆದು, ಮಲಾಕ್ಕಾ, ಜಪಾನು ಕಂಡು, 1552ರ ಡಿಸೆಂಬರ್ 3ರಂದು ಚೀನಾದ ತೀರದ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡವರು. ಬಲಗೈಯ ಒಂದು ಭಾಗ ಇಲ್ಲಿಲ್ಲ, 1614ರಲ್ಲಿ ಕತ್ತರಿಸಿ ರೋಮಿಗೆ ಒಯ್ದರು. ಅಷ್ಟೆಲ್ಲ ಜನಕ್ಕೆ ಜ್ಞಾನಸ್ನಾನ ಕೊಟ್ಟ ಕೈ ಅದು. ಇದೇ ಪ್ರಧಾನಾಲಯದಲ್ಲಿ ಅವರು ಬಳಸಿದರೆಂದು ಹೇಳುವ 1532ರ ಜ್ಞಾನಸ್ನಾನದ ಕಲ್ಲಿನ ತೊಟ್ಟಿ ಈಗಲೂ ಇದೆ.

ಅವರೇ 1546ರಲ್ಲಿ ಪೋರ್ಚುಗಲ್ಲಿನ ದೊರೆ ಮೂರನೇ ಜೊವಾವೊಗೆ ಪತ್ರ ಬರೆದು, ಗೋವಾಕ್ಕೆ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಪೀಠ ಬೇಕು ಎಂದು ಕೇಳಿದ್ದರು. ಅವರು ಸತ್ತು ಎಂಟು ವರ್ಷಕ್ಕೆ, 1560ರಲ್ಲಿ, ಅದು ಬಂತು. ಈ ಕೆಥೆಡ್ರಲ್ಲಿನ ಪಕ್ಕದ ಚೌಕದಲ್ಲಿ, ಬಿಜಾಪುರದ ಆದಿಲ್‌ಶಾಹಿಯ ಹಳೆಯ ಅರಮನೆಯಲ್ಲಿ ಆ ನ್ಯಾಯಪೀಠ ಕೂತಿತು. ನಡುವೆ ನಾಲ್ಕು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ನಡೆಯಿತು. ಅಲ್ಲಿ ಸೆರೆಯಲ್ಲಿದ್ದ ಫ್ರೆಂಚ್ ವೈದ್ಯ ಷಾರ್ಲ್ ದೆಲ್ಲೋನ್ ಆಮೇಲೆ ಪುಸ್ತಕ ಬರೆದ. 1676ರಲ್ಲಿ ಶಿಕ್ಷೆ ಸಾರಿದ ದಿನ ಬೆಳಗ್ಗೆ ಕೆಥೆಡ್ರಲ್ಲಿನ ದೊಡ್ಡ ಗಂಟೆ ಬಾರಿಸಿ ಊರಿಗೆ ಸಾರಿದ್ದನ್ನು, ಕೈದಿಗಳನ್ನು ಬೀದಿಯಲ್ಲಿ ನಡೆಸಿಕೊಂಡು ಹೋದದ್ದನ್ನು ಬರೆದಿದ್ದಾನೆ. ಮನೆಯಲ್ಲಿ ತುಳಸಿ ಇಟ್ಟುಕೊಂಡದ್ದಕ್ಕೆ, ಹಳೆಯ ಹಾಡು ಹಾಡಿದ್ದಕ್ಕೆ ಅನುಮಾನಕ್ಕೆ ಗುರಿಯಾದ ಹೊಸ ಕ್ರೈಸ್ತರು ಎಷ್ಟೋ. ಕೆನರಾದ ಕಡೆಗೆ ಗುಳೆ ಬಂದ ಕೊಂಕಣಿ ಕುಟುಂಬಗಳ ನೆನಪಿನಲ್ಲಿ ಆ ಭಯವೂ ಇದೆ. ಈ ಕಟ್ಟಡ ಸಂತ ಕ್ಯಾಥರೀನಳ ಹೆಸರಿನಲ್ಲಿರುವುದೂ 1510ರ ನವೆಂಬರ್ 25ರಂದು, ಅವಳ ಹಬ್ಬದ ದಿನ, ಅಲ್ಬುಕರ್ಕ್ ಗೋವಾವನ್ನು ಆದಿಲ್‌ಶಾಹನಿಂದ ಗೆದ್ದ ಕಾರಣಕ್ಕೆ. 1562ರಲ್ಲಿ ಶುರುವಾದ ಕೆಲಸ 1619ಕ್ಕೆ ಮುಗಿಯಿತು, 1640ರಲ್ಲಿ ಪ್ರತಿಷ್ಠೆಯಾಯಿತು. ಗೆದ್ದವರು ಕಟ್ಟಿದ ಗುಡಿ ಇದು.

ಇಷ್ಟೆಲ್ಲ ತಿಳಿದೂ ನಾನು ಅಲ್ಲಿ ಮೊಣಕಾಲೂರಿದೆ. ತಿಳಿದದ್ದನ್ನು ಮರೆತು ಊರಲಿಲ್ಲ. ಸವೇರಿಯಪ್ಪನವರ ಪತ್ರವನ್ನು ನಾನು ಕ್ಷಮಿಸಬೇಕಾದವಳೂ ಅಲ್ಲ, ಅದನ್ನು ಮುಚ್ಚಿಡುವ ಭಕ್ತಿ ನನಗೆ ಬೇಕಾಗಿಯೂ ಇಲ್ಲ. ನಾನು ಪ್ರಾರ್ಥಿಸಿದ್ದು ಈ ಅಂಗಳದಲ್ಲಿ ಅಜ್ಜಿಗೆ ಸಿಕ್ಕಿದ ಒಂದು ಮಧ್ಯಾಹ್ನಕ್ಕಾಗಿ. ಇದನ್ನು ಕಟ್ಟಿದವರ ಉದ್ದೇಶದಲ್ಲಿ ಅವಳು ಇರಲಿಲ್ಲ. ಅವಳು ಬಂದಳು, ನೋಡಿದಳು, ಇಲ್ಲಿ ಆಗುವುದು ಅಲ್ಲಿ ಯಾಕೆ ಆಗದು ಎಂಬ ಪ್ರಶ್ನೆಯನ್ನು ಹುರಿಟ್ಟಿನ ಗಂಟಿನ ಜತೆ ಊರಿಗೆ ತಂದಳು. ಅವಳ ಆ ಪ್ರಶ್ನೆಗೆ ಯಾವ ಬಿಷಪರೂ ನನಗೆ ಇನ್ನೂ ಉತ್ತರ ಕೊಟ್ಟಿಲ್ಲ. ಗುರುಗಳು ಸತ್ತವರಿಗಾಗಿ ಹೆಸರು ಬರೆದುಕೊಡಿ ಎಂದಾಗ ಅಜ್ಜಿಯ ಹೆಸರನ್ನೂ ಉಪದೇಶಿಗಳ ಹೆಸರನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟೆ.

ಹಿಂದಿರುಗುವಾಗ ಬಸ್ಸು ಅನಮೋಡ್ ಘಾಟಿಯ ಕಡೆಯಿಂದ ಹತ್ತಿತು. ಪಕ್ಕದ ಕಾಡಿನಾಚೆ ಎಲ್ಲೋ ಆ ಹಳೆಯ ರೈಲು ದಾರಿ. ಹುಡುಗ ಬಂದು ನನ್ನ ಸೀಟಿನ ಹತ್ತಿರ ನಿಂತ. ‘‘ಟೀಚರ್, ನೀವು ಚಿಕ್ಕೋರಿದ್ದಾಗ ಬಂದಿದ್ರಂತೆ. ಆಗ ಹೇಗಿತ್ತು?’’ ಮುಂದಿನ ಸೀಟಿನಲ್ಲಿ ಅವನ ಅಜ್ಜಿ ಕೂತಿದ್ದರು. ಫೆರಿಯಲ್ಲಿ ಅತ್ತಿದ್ದ ಆ ಸೊಸೆ. ಈಗ ಮಂಡಿನೋವು, ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ದಾರಿಯುದ್ದಕ್ಕೂ ಎಲ್ಲರಿಗೂ ಕೋಡುಬಳೆ ಹಂಚಿದ್ದಾರೆ, ನನಗೆ ಎರಡು ಜಾಸ್ತಿ. ಅವರ ಎದುರಿಗೇ ನಾನು ಹೇಳಿದೆ. ರೈಲು, ಫೆರಿ, ಕಂಬ, ಸಮಾಧಿಯ ಗೋಡೆ, ಕೈ, ಚೊಂಬು, ಆಮೇಲಿನ ಭಾನುವಾರ. ಹುಡುಗ ನಡುವೆ ಒಂದೇ ಸಲ ಬಾಯಿ ಹಾಕಿದ: ‘‘ಆ ಗೋಡೆ ದನ ನುಗ್ಗದೇ ಇರ್ಲಿ ಅಂತ ಕಟ್ಟಿದ್ದು ಅಂತಿದ್ರಲ್ಲ?’’ ಹಿಂದಿನ ಸೀಟಿನಲ್ಲಿದ್ದ ಕೇರಿಯ ಇಬ್ಬರು ಒಟ್ಟಿಗೇ ‘‘ಇಲ್ಲ’’ ಅಂದರು.

ಅವನ ಅಜ್ಜಿ ತಿರುಗಿ ನನ್ನ ಕಡೆ ನೋಡಿದರು. ‘‘ಆಗ ಹಂಗೇ ಇತ್ತು ಕಣವ್ವ. ಯಾರೂ ಅದ್ನ ತಪ್ಪು ಅಂತ ಅಂದ್ಕಂಡಿರ್ಲಿಲ್ಲ.’’

‘‘ನಮ್ಮಜ್ಜಿ ಅಂದ್ಕಂಡಿದ್ಲು’’ ಅಂದೆ.

ಅವರಿಗೆ ಕೋಪ ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ‘‘ಅವ್ಳ ಕೈ ಗ್ಯಾಪ್ತಿ ಇದೆ ನಂಗೆ’’ ಅಂದರು. ‘‘ಬೋ ಒರಟು. ಗಟ್ಯಾಗಿ ಹಿಡ್ದಿದ್ಲು, ಬಿಟ್ರೆ ಬಿದ್ದೋಗ್ತೀನಿ ಅನ್ನಂಗೆ.’’ ಆಮೇಲೆ ಸ್ವಲ್ಪ ಹೊತ್ತು ನೆನಪು ಮಾಡಿಕೊಳ್ಳಲು ನೋಡಿ, ‘‘ಅವ್ಳ ಹೆಸ್ರೇನವ್ವ? ನಾವು ಕೇರಿಯವ್ಳೇ ಅಂತಾನೇ ಕರೀತಿದ್ದಿದ್ದು’’ ಎಂದು ಕೇಳಿದರು.

ಹೇಳಿದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲ, ಘಾಟಿಯಲ್ಲಿ ಬಸ್ಸಿನ ಸದ್ದು ಜೋರಿತ್ತು. ಮೊಮ್ಮಗ ಅವರ ಕಿವಿಯ ಹತ್ತಿರ ಬಗ್ಗಿ, ನಮ್ಮಜ್ಜಿಯ ಹೆಸರನ್ನು ಗಟ್ಟಿಯಾಗಿ ಇನ್ನೊಂದು ಸಲ ಹೇಳಿದ.